ಮೈಕೇಲ್ ಮಧುಸೂದನ ದತ್ತ: ಇಂಗ್ಲಿಷ್ ವಾಕ್ಯದಿಂದ ಬಂಗಾಳಿ ಕಾವ್ಯಕ್ಕೆ

ಆಧುನಿಕ ಬಂಗಾಳಿ ಕಾವ್ಯದ ಪ್ರವರ್ತಕರಾದ ಮೈಕೇಲ್ ಮಧುಸೂದನ ದತ್ತರು 1824ರ ಜನವರಿ 25ರಂದು ಜೆಸ್ಸೋರ್ ಜಿಲ್ಲೆಯ ಸಾಗರದಾಡಿಯಲ್ಲಿ ಜನಿಸಿದರು. ತಂದೆ ರಾಜನಾರಾಯಣ ದತ್ತರು ಕಲಕತ್ತೆಯಲ್ಲಿ ವಕೀಲರು. ಅವರ ಖಿದಿರ್‌ಪುರದ ಮನೆಯಲ್ಲಿದ್ದುಕೊಂಡು ಮಧುಸೂದನರು ಹಿಂದೂ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಡಿ. ಎಲ್. ರಿಚರ್ಡ್‌ಸನ್ನರ ಬೋಧನೆಯಿಂದ ಇಂಗ್ಲಿಷ್ ಕಾವ್ಯದಲ್ಲಿ ಮೂಡಿದ ಆಸಕ್ತಿಯು ಆ ಭಾಷೆಯಲ್ಲಿಯೇ ಮಹಾಕವಿಯಾಗಬೇಕೆಂಬ ಹಂಬಲವಾಗಿ ಬೆಳೆಯಿತು. 1843ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದಾಗ ತಂದೆಯ ಮನೆಯೂ ಕಾಲೇಜೂ ದೂರವಾದವು. ಮುಂದೆ ಮದರಾಸಿನಲ್ಲಿದ್ದಾಗ, 1849ರಲ್ಲಿ, ಪ್ರಕಟಿಸಿದ ‘ದಿ ಕ್ಯಾಪ್ಟಿವ್ ಲೇಡಿ’ ನಿರೀಕ್ಷಿತ ಕೀರ್ತಿಯನ್ನು ತರಲಿಲ್ಲ. ಬೆಥೂನರು ಸ್ವಭಾಷೆಯ ಕಡೆಗೆ ತಿರುಗುವಂತೆ ಸೂಚಿಸಿದರು. ತಂದೆಯ ಮರಣಾನಂತರ, 1856ರಲ್ಲಿ, ದತ್ತರು ಕಲಕತ್ತೆಗೆ ಮರಳಿದರು.

ಅವರ ಮುಂದಿದ್ದುದು ಮುಖ್ಯವಾಗಿ ವಾಕ್ಯರಚನೆಯ ಸಮಸ್ಯೆ. ಬಂಗಾಳಿಯ ಪಯಾರ ಛಂದಸ್ಸಿನಲ್ಲಿ 8 ಮತ್ತು 6ರಂತೆ ಸಾಲಿಗೆ 14 ಅಕ್ಷರ. ಎರಡು ಸಾಲಿಗೆ ಅಂತ್ಯಪ್ರಾಸ. ಸಾಲು ಮುಗಿದಲ್ಲಿ ಸಾಮಾನ್ಯವಾಗಿ ಅರ್ಥವೂ ಮುಗಿಯುತ್ತಿತ್ತು. ಮಿಲ್ಟನ್ನನ ವಾಕ್ಯದ ನಡೆ ಬೇರೆ. ಸಂಬಂಧಾರ್ಥಕ ಸರ್ವನಾಮಗಳೂ ಸಂಯೋಜಕಾವ್ಯಯಗಳೂ ಅಲ್ಲಿ ಉಪವಾಕ್ಯಕ್ಕೆ ಉಪವಾಕ್ಯವನ್ನು ಹೆಣೆದು ವಾಕ್ಯವನ್ನು ಹಲವು ಸಾಲುಗಳಾಚೆಗೆ ಒಯ್ಯುತ್ತವೆ. ಉಪಮೆಯೂ ‘ಹೇಗೆ’ ಎಂದು ತೊಡಗಿ, ತಾನೇ ಒಂದು ಚಿತ್ರವಾಗಿ ವಿಸ್ತರಿಸಿ, ‘ಹಾಗೆ’ ಎಂಬಲ್ಲಿ ಉಪಮೇಯವನ್ನು ಕೂಡಿಕೊಳ್ಳುತ್ತದೆ.

ದತ್ತರು 1860ರ ‘ತಿಲೋತ್ತಮಾಸಂಭವ’ದಲ್ಲಿಯೂ 1861ರಲ್ಲಿ ಹೊರಬಂದ ಒಂಬತ್ತು ಸರ್ಗಗಳ ‘ಮೇಘನಾದವಧ’ದಲ್ಲಿಯೂ ಪಯಾರದ 14 ಅಕ್ಷರಗಳನ್ನು ಉಳಿಸಿಕೊಂಡು ಪ್ರಾಸವನ್ನು ಬಿಟ್ಟರು, ಅರ್ಥ ಮುಗಿದಲ್ಲಿ, ಸಾಲಿನ ನಡುವೆಯಾದರೂ, ವಾಕ್ಯವನ್ನು ನಿಲ್ಲಿಸಿದರು. ಇದೇ ಅಮಿತ್ರಾಕ್ಷರ ಛಂದಸ್ಸು. ಆದರೆ ಈ ದೀರ್ಘವಾಕ್ಯಗಳನ್ನು ಕಟ್ಟಲು ಅವರು ಇಂಗ್ಲಿಷಿನ ಪದಗಳನ್ನು ಅನುಕರಿಸಲಿಲ್ಲ. ‘ಯಥಾ’, ‘ಜೇಮತಿ–ತೇಮತಿ’ ಮುಂತಾಗಿ ಸಂಸ್ಕೃತ, ಬಂಗಾಳಿಗಳಲ್ಲಿ ಮೊದಲೇ ಇದ್ದ ಪದಗಳಿಂದಲೇ ಮಹೋಪಮೆಗಳನ್ನು ಕಟ್ಟಿದರು. ಪರಭಾಷೆಯಿಂದ ಬಂದುದು ವಿನ್ಯಾಸ, ಸಾಮಗ್ರಿ ಸ್ವಭಾಷೆಯದು.

1862ರಲ್ಲಿ ಅವರು ಇಂಗ್ಲೆಂಡಿಗೆ ತೆರಳಿದರು. ಫ್ರಾನ್ಸಿನ ವರ್ಸೇಲ್ಸಿನಲ್ಲಿ ಕಡುಬಡತನಕ್ಕೆ ಸಿಲುಕಿದಾಗ ಈಶ್ವರಚಂದ್ರ ವಿದ್ಯಾಸಾಗರರು ಹಣವನ್ನೊದಗಿಸಿ ಕಾಪಾಡಿದರು. ಅವರ ಬಂಗಾಳಿ ಸಾನೆಟ್ಟುಗಳಲ್ಲಿ ಹೆಚ್ಚಿನವು ರಚಿತವಾದುದೂ ಅಲ್ಲಿಯೇ. ಬ್ಯಾರಿಸ್ಟರರಾಗಿ ಹಿಂದಿರುಗಿದರೂ ಸಾಲ ತೀರಲಿಲ್ಲ. 1873ರ ಜೂನ್ 29ರಂದು, ಪತ್ನಿ ಹೆನ್ರಿಯೆಟ್ಟಾ ತೀರಿಕೊಂಡ ಮೂರು ದಿನಗಳಲ್ಲಿ, ಅವರು ನಿಧನರಾದರು.

ಕನ್ನಡದ ಮಟ್ಟಿಗೆ ಈ ಬಾಳು ಅನ್ಯರ ಕಥೆಯಲ್ಲ. ಪ್ರಾಸವಿಲ್ಲದೆ ಸಾಲಿನಿಂದ ಸಾಲಿಗೆ ಹರಿಯುವ ವಾಕ್ಯವೂ ಮಹೋಪಮೆಯೂ 1949ರಲ್ಲಿ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದಲ್ಲಿ ಸಿದ್ಧಿಸಿದವು. ಇಂಗ್ಲಿಷ್ ಸಂಬಂಧಾರ್ಥಕ ಸರ್ವನಾಮಗಳಿಂದ ಸಾಧಿಸುವುದನ್ನು ಕನ್ನಡ ಬಹುಮಟ್ಟಿಗೆ ಕೃದಂತಗಳಿಂದ ಸಾಧಿಸುತ್ತದೆ. ಪರಭಾಷೆಯ ವಾಕ್ಯವನ್ನು ಬಲ್ಲವನು ಸ್ವಭಾಷೆಯ ಈ ಶಕ್ತಿಯನ್ನೂ ಬಲ್ಲವನಾಗಬೇಕೆಂಬುದಕ್ಕೆ ಮಧುಸೂದನರ ಕಾವ್ಯ ನಿದರ್ಶನವಾಗಿದೆ.