ಟಿಬಿ ವಂಶದಿಂದ ಬರುತ್ತದೆಯೇ? ಲಂಡನ್ನಿನ ಕೂಲಿಕಾರರ ಡಾಕ್ಟರ್ ಸಾಲ್ಟರ್ ಬದುಕು ಏನು ಹೇಳುತ್ತದೆ

ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಟಿಬಿ ಬಂದರೆ, ಅದು ಆ ವಂಶಕ್ಕೇ ಅಂಟಿದ ರೋಗ ಅಂದುಬಿಡುತ್ತೇವೆ. ಇದು ತಪ್ಪು. ಟಿಬಿ ಬ್ಯಾಕ್ಟೀರಿಯಾದಿಂದ ಬರುವ ರೋಗ. ರೋಗಿ ಕೆಮ್ಮಿದಾಗ ಗಾಳಿಯಲ್ಲಿ ಹರಡುತ್ತದೆ. ಗಾಳಿಯಾಡದ ಕೋಣೆಯಲ್ಲಿ ಆರೇಳು ಜನ ಒಟ್ಟಿಗೆ ಮಲಗಿದರೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಸುಲಭ. ಇದನ್ನು ಕಣ್ಣಾರೆ ಕಂಡು, ಔಷಧದ ಜೊತೆಗೆ ಮನೆಯೂ ಸರಿಯಾಗಬೇಕು ಎಂದು ಹೊರಟವರು ಡಾ. ಆಲ್‌ಫ್ರೆಡ್ ಸಾಲ್ಟರ್.

1873ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿ ಹುಟ್ಟಿದ ಅವರು ಗೈಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಓದಿದರು. ಬ್ಯಾಕ್ಟೀರಿಯಾ ಸಂಶೋಧನೆ ಬಿಟ್ಟು 1900ರಲ್ಲಿ ಬರ್ಮಂಡ್ಸಿಯಲ್ಲಿ ಕ್ಲಿನಿಕ್ ತೆರೆದರು. ಥೇಮ್ಸ್ ನದಿ ದಂಡೆಯ ಈ ಪ್ರದೇಶದಲ್ಲಿ ಇದ್ದವರು ಹಡಗಿನ ಸರಕು ಹೊರುವವರು, ಚರ್ಮ ಹದ ಮಾಡುವವರು, ಬಿಸ್ಕತ್ತು ಮತ್ತು ಜಾಮ್ ಕಾರ್ಖಾನೆಯ ಕಾರ್ಮಿಕರು. ಎಷ್ಟೋ ಮನೆಗಳಿಗೆ ಸೇರಿ ಅಂಗಳದಲ್ಲಿ ಒಂದೇ ನಲ್ಲಿ, ಒಂದೇ ಕಕ್ಕಸು. ಸಾಲ್ಟರ್ ಫೀಸು ಆರು ಪೆನ್ನಿ. ಕೊಡಲಾಗದವರಿಗೆ ಅದೂ ಇಲ್ಲ.

ಅವರು, ಪತ್ನಿ ಏಡಾ ಅಲ್ಲೇ ಮನೆ ಮಾಡಿದರು. ಒಬ್ಬಳೇ ಮಗಳು ಜಾಯ್ಸ್ ಅಲ್ಲಿನ ಮಕ್ಕಳ ಜೊತೆಗೇ ಶಾಲೆಗೆ ಹೋದಳು. 1910ರಲ್ಲಿ ಅವಳಿಗೆ ಸ್ಕಾರ್ಲೆಟ್ ಜ್ವರ ಬಂತು. ಆಗ ಆಂಟಿಬಯಾಟಿಕ್ ಇರಲಿಲ್ಲ. ಎಂಟು ವರ್ಷದ ಮಗು ಉಳಿಯಲಿಲ್ಲ. ಗಂಡ ಹೆಂಡತಿ ಬರ್ಮಂಡ್ಸಿ ಬಿಟ್ಟು ಹೋಗಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಅವರು ಹೋಗಲಿಲ್ಲ.

1922ರಲ್ಲಿ ಏಡಾ ಅಲ್ಲಿನ ಮೇಯರ್ ಆದರು, ಸಾಲ್ಟರ್ ಸಂಸದರಾದರು. ಕೊಳೆಗೇರಿ ಕೆಡವಿ ವಿಲ್ಸನ್ ಗ್ರೋವ್‌ನಲ್ಲಿ ಕೈತೋಟವಿರುವ ಮನೆಗಳು ಎದ್ದವು. ಬೀದಿಗಳಲ್ಲಿ ಸಾವಿರಾರು ಮರ ನೆಟ್ಟರು. ನಮಗೆ ತುಂಬ ಇಷ್ಟವಾದದ್ದು ಇನ್ನೊಂದು: ಸ್ಥಳೀಯ ಆರೋಗ್ಯ ಇಲಾಖೆಯೇ ಮೂಕಿ ಸಿನಿಮಾ ತಯಾರಿಸಿ, ವ್ಯಾನಿನಲ್ಲಿ ತಂದು ಬೀದಿಯಲ್ಲೇ ತೋರಿಸುತ್ತಿತ್ತು. ಆ ಕಾಲದ ಫಾರ್ವರ್ಡ್ ಅನ್ನಿ, ಆದರೆ ಡಾಕ್ಟರೇ ಕಳಿಸಿದ್ದು!

1926ರಲ್ಲಿ ಟಿಬಿ ರೋಗಿಗಳಿಗಾಗಿ ಕೃತಕ ಬಿಸಿಲಿನ ದೀಪಗಳ ಕೇಂದ್ರವೂ ಶುರುವಾಯಿತು. ದಯವಿಟ್ಟು ಇಷ್ಟನ್ನೇ ಕತ್ತರಿಸಿ, ಬಿಸಿಲು ಕಾಯಿಸಿದರೆ ಟಿಬಿ ವಾಸಿ ಎಂದು ಗ್ರೂಪಿಗೆ ಹಾಕಬೇಡಿ. ಆಗ ಟಿಬಿಗೆ ಮಾತ್ರೆಯೇ ಇರಲಿಲ್ಲ. ಈಗ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಡಾಕ್ಟರ್ ಹೇಳಿದಷ್ಟು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಬೇಕು.

ಸಾಲ್ಟರ್ 1945ರಲ್ಲಿ ತೀರಿಕೊಂಡರು. ನದಿ ದಂಡೆಯಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಅವರ ಕಂಚಿನ ಪ್ರತಿಮೆ 2011ರಲ್ಲಿ ಕಳುವಾಯಿತು. ಜನ ಹಣ ಕೂಡಿಸಿ 2014ರಲ್ಲಿ ಹೊಸದನ್ನು ಇಟ್ಟರು. ಈ ಸಲ ಜೊತೆಗೆ ಏಡಾ ಅವರ ಪ್ರತಿಮೆಯೂ ಇದೆ. ಎದುರಿಗೆ ಗೋಡೆಯ ಪಕ್ಕ ಜಾಯ್ಸ್, ಅವಳ ಬೆಕ್ಕು.