ಕಾರ್ಮಿಕ ಖಾತೆಯ ಅಂಬೇಡ್ಕರ್

ಕಳೆದ ರಜೆಯಲ್ಲಿ ಚನ್ನರಾಯಪಟ್ಟಣದ ಹತ್ರ ಇರೋ ಮಾವನ ಊರಿಗೆ ಹೋಗಿದ್ದೆ. ಅಲ್ಲಿ ತೆಂಗಿನ ನಾರಿನ ಮಿಲ್ಲಿನಲ್ಲಿ ಕೆಲಸ ಮಾಡ್ತಿದ್ದ ಒಬ್ಬರ ಕೈ ಬೆಲ್ಟಿಗೆ ಸಿಕ್ಕಿ ಎರಡು ಬೆರಳು ಹೋಗಿದ್ದವು. ಮಾಲೀಕರು ಆಸ್ಪತ್ರೆ ಬಿಲ್ ಕಟ್ಟಿ, ಮೇಲೆ ಐದು ಸಾವಿರ ಕೊಟ್ರಂತೆ. ಊರವರೆಲ್ಲ ಮಾಲೀಕರು ಪುಣ್ಯಾತ್ಮರು ಅಂತಿದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯ್ತು, ಇದು ಪುಣ್ಯದ ವಿಷಯ ಅಲ್ಲ, ಹಕ್ಕಿನ ವಿಷಯ. ಆ ಹಕ್ಕಿನ ಕಥೆಯಲ್ಲಿ ನಮಗೆಲ್ಲ ಗೊತ್ತಿರೋ ಒಬ್ಬರು ಸಿಗ್ತಾರೆ.

ಭೀಮರಾವ್ ಅಂಬೇಡ್ಕರ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು. ತಂದೆ ರಾಮ್‌ಜಿ ಸೈನ್ಯದಲ್ಲಿ ಸುಬೇದಾರರು. ಅಸ್ಪೃಶ್ಯತೆಯ ಅವಮಾನಗಳ ನಡುವೆಯೇ ಓದಿ, ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ ಪಡೆದು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು, ಆಮೇಲೆ ಲಂಡನ್ನಿಗೆ. ಅಷ್ಟು ಓದಿದವರು ವಾಪಸ್ ಬಂದು ವರ್ಷಗಟ್ಟಲೆ ಬದುಕಿದ್ದು ಮುಂಬೈನ ಪರೇಲ್ ಚಾಳಿನಲ್ಲಿ, ಬಟ್ಟೆ ಗಿರಣಿ ಕಾರ್ಮಿಕರ ಮಧ್ಯೆ. 1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1938ರಲ್ಲಿ ಮುಷ್ಕರದ ಹಕ್ಕನ್ನ ಕಟ್ಟಿಹಾಕೋ ಮಸೂದೆ ಬಂದಾಗ ಕಾರ್ಮಿಕರ ಜೊತೆ ಬೀದಿಗಿಳಿದರು.

1942ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಅವರಿಗೆ ಕಾರ್ಮಿಕ ಖಾತೆ ಸಿಕ್ಕಿತು. ಗಾಯಗೊಂಡವರಿಗೆ ಆಗಲೇ 1923ರ ಪರಿಹಾರ ಕಾಯ್ದೆ ಇತ್ತು. ಆದ್ರೆ ದುಡ್ಡು ಮಾಲೀಕರ ಜೇಬಿಂದಲೇ ಬರಬೇಕು. ಅವರು ಕೊಡದಿದ್ರೆ ಬೆರಳು ಕಳ್ಕೊಂಡವರೇ ಕೇಸ್ ನಡೆಸಬೇಕು. ಇದಕ್ಕೆ ಪರಿಹಾರ ಅಂದ್ರೆ ವಿಮೆ. ಅಂಬೇಡ್ಕರ್ ಖಾತೆಯಲ್ಲಿದ್ದಾಗಲೇ, 1943ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ತಯಾರಿಸೋಕೆ ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರನ್ನ ನೇಮಿಸಲಾಯ್ತು. 1944ರಲ್ಲಿ ವರದಿ ಬಂತು. ವಾರಕ್ಕೆ 48 ಗಂಟೆ ಕೆಲಸದ ಮಿತಿಯನ್ನೂ ತಂದು 1946ರಲ್ಲಿ ಅವರು ಖಾತೆ ಬಿಟ್ಟರು. ಕಾಯಿಲೆ, ಹೆರಿಗೆ, ಕೆಲಸದಲ್ಲಾದ ಗಾಯ ಮೂರನ್ನೂ ಸೇರಿಸಿದ ಇಎಸ್‌ಐ ಕಾಯ್ದೆ ಬಂದಿದ್ದು 1948ರಲ್ಲಿ. ಆಗ ಅವರು ಕಾನೂನು ಮಂತ್ರಿ, ಸಂವಿಧಾನದ ಕೆಲಸದಲ್ಲಿ ಮುಳುಗಿದ್ದರು. 1956ರ ಡಿಸೆಂಬರ್ 6ರಂದು ತೀರಿಕೊಂಡರು.

ಇವತ್ತು ಇಎಸ್‌ಐನಲ್ಲಿ ಮಾಲೀಕರು ಸಂಬಳದ ಶೇ. 3.25, ಕಾರ್ಮಿಕರು ಶೇ. 0.75 ಕಟ್ತಾರೆ. ಕೆಲಸದಲ್ಲಿ ಗಾಯವಾದ್ರೆ ವಾಸಿಯಾಗೋವರೆಗೆ ಸಂಬಳದ ಸುಮಾರು ಶೇ. 90 ಬರುತ್ತೆ. ಇಎಸ್‌ಐ ಇಲ್ಲದವರಿಗೆ ಮಾಲೀಕರೇ ಪರಿಹಾರ ಕೊಡಬೇಕು. ಶಾಶ್ವತ ಊನವಾದ್ರೆ ವಯಸ್ಸು, ಸಂಬಳ, ದುಡಿಯೋ ಶಕ್ತಿ ಎಷ್ಟು ಕಡಿಮೆಯಾಯ್ತು ಅನ್ನೋದರ ಮೇಲೆ ಮೊತ್ತದ ಲೆಕ್ಕ. ಕಂಟ್ರಾಕ್ಟರ್ ಕಡೆಯವರು ಅಂತ ಹೇಳಿ ತಪ್ಪಿಸಿಕೊಳ್ಳೋ ಹಾಗಿಲ್ಲ. ಕ್ಲೇಮ್ ಹಾಕೋಕೆ ಅಪಘಾತದ ದಿನದಿಂದ 2 ವರ್ಷ ಸಮಯ. 2020ರ ಸಾಮಾಜಿಕ ಭದ್ರತಾ ಸಂಹಿತೆ ಎರಡೂ ಕಾಯ್ದೆಗಳನ್ನ ಸೇರಿಸಿಕೊಂಡಿದೆ, ತತ್ವ ಮಾತ್ರ ಅದೇ.

ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಎಷ್ಟೋ ಜನ ಸೈಟ್ ಎಂಜಿನಿಯರ್, ಶಿಫ್ಟ್ ಸೂಪರ್‌ವೈಸರ್ ಆಗಿರ್ತೀವಿ. ಆಕ್ಸಿಡೆಂಟ್ ರಿಜಿಸ್ಟರ್‌ನಲ್ಲಿ ಬರೆಯೋದೋ ಬಿಡೋದೋ ಅನ್ನೋ ಪ್ರಶ್ನೆ ನಮ್ಮ ಮುಂದೇನೇ ಬರುತ್ತೆ. ಬರೆಯೋಣ.

ಆ ಮಿಲ್ಲಿನವರಿಗೆ ಇನ್ನೂ ಎರಡು ವರ್ಷ ಆಗಿಲ್ಲ. ಮಾವನಿಗೆ ಫೋನ್ ಮಾಡಿ ಹೇಳಿದ್ದೀನಿ.