ಕತ್ತಲ ಗುಡಿಸಲಲ್ಲಿ ಹುಟ್ಟಿದ ಸೂರ್ಯನ ಹಾಡು

ಅಸ್ಸಿಸಿಯ ಸಂತ ಫ್ರಾನ್ಸಿಸರ ಪಟವನ್ನು ನೀವು ನೋಡಿಯೇ ಇರುತ್ತೀರಿ. ಕಂದು ನಿಲುವಂಗಿ, ಸೊಂಟಕ್ಕೆ ಹಗ್ಗ, ಹೆಗಲ ಮೇಲೆ ಹಕ್ಕಿ, ಮುಖದಲ್ಲಿ ಮಂದಹಾಸ. ಇವರಿಗೆ ಕಷ್ಟವೆಂದರೆ ಏನು ಗೊತ್ತಿತ್ತು ಎಂದು ನಿಮಗೆ ಅನ್ನಿಸಿರಲೂಬಹುದು. ಸೂರ್ಯ, ಗಾಳಿ, ನೀರು, ಬೆಂಕಿಗಳನ್ನು ಒಡಹುಟ್ಟಿದವರೆಂದು ಕರೆದು ದೇವರನ್ನು ಸ್ತುತಿಸುವ ಅವರ ಹಾಡು ಲೋಕಪ್ರಸಿದ್ಧ. ಎಳೆಬಿಸಿಲಿನಲ್ಲಿ ಬೆಟ್ಟದ ಮೇಲೆ ಕುಳಿತು ಅದನ್ನು ಕಟ್ಟಿರಬೇಕೆಂದು ನಾನೂ ಬಹುಕಾಲ ನಂಬಿದ್ದೆ.

ಅದು ಹುಟ್ಟಿದ್ದು 1225ರಲ್ಲಿ, ಅಸ್ಸಿಸಿಯ ಹೊರಗಿನ ಸಾನ್ ದಾಮಿಯಾನೊ ಎಂಬಲ್ಲಿ. ತಾರುಣ್ಯದಲ್ಲಿ ಫ್ರಾನ್ಸಿಸರು ತಮ್ಮ ಕೈಯಾರೆ ದುರಸ್ತಿ ಮಾಡಿದ್ದ ದೇವಾಲಯವದು. ಸಂತ ಕ್ಲಾರಮ್ಮನವರು ತಮ್ಮ ಸಹೋದರಿಯರೊಡನೆ ಅಲ್ಲಿ ವಾಸವಾಗಿದ್ದರು. ಹಿಂದಿನ ವರ್ಷವಷ್ಟೇ ಲಾ ವೆರ್ನಾ ಬೆಟ್ಟದಲ್ಲಿ ಪ್ರಭು ಕ್ರಿಸ್ತರ ಪಂಚಗಾಯಗಳು ಫ್ರಾನ್ಸಿಸರ ದೇಹದಲ್ಲಿ ಮೂಡಿದ್ದವು. ಅದರ ಮೇಲೆ ಹೊಟ್ಟೆಯ ಬೇನೆ, ಅದಕ್ಕಿಂತ ಮಿಗಿಲಾಗಿ ಕಣ್ಣುಬೇನೆ. ಹಗಲಿನ ಬೆಳಕಿರಲಿ, ರಾತ್ರಿಯ ಒಲೆಯ ಬೆಳಕನ್ನೂ ತಾಳಲಾರದೆ ಐವತ್ತಕ್ಕೂ ಹೆಚ್ಚು ದಿನ ಅವರು ಚಾಪೆಗಳಿಂದ ಕಟ್ಟಿದ ಗುಡಿಸಲಿನ ಕತ್ತಲಲ್ಲೇ ಮಲಗಿದ್ದರು. ಜೊತೆಗೆ ಇಲಿಗಳ ಕಾಟ! ಉಣ್ಣಲು ಕುಳಿತರೂ ಬಿಡಲಿಲ್ಲ, ಮಲಗಿದರೆ ಮೈಮೇಲೆಯೇ ಓಡಾಟ. ಪ್ರಾಣಿಗಳ ಗೆಳೆಯನಿಗೂ ಅದು ಸಾಕುಸಾಕಾಗಿತ್ತು.

ಒಂದು ರಾತ್ರಿ ಅವರಿಗೆ ತಮ್ಮ ಮೇಲೆಯೇ ಮರುಕ ಬಂತು. ಹೌದು, ಸಂತರಿಗೂ ಬಂತು. ಇದನ್ನು ಸಹಿಸುವ ಶಕ್ತಿ ಕೊಡು ಎಂದು ದೇವರನ್ನು ಬೇಡಿಕೊಂಡರು. ಬೇನೆ ಕಡಿಮೆಯಾಗಲಿಲ್ಲ. ಆದರೆ ಈ ನೋವಿನ ಆಚೆ ಸ್ವರ್ಗರಾಜ್ಯವು ತಮ್ಮದೇ ಎಂಬ ಭರವಸೆ ಅವರ ಅಂತರಂಗದಲ್ಲಿ ಮೂಡಿತು. ಬೆಳಗಾಗುತ್ತಲೇ ಎದ್ದು ಕುಳಿತು, ಲ್ಯಾಟಿನ್ ಬಿಟ್ಟು ಜನರಾಡುವ ಉಂಬ್ರಿಯಾದ ಮಾತಿನಲ್ಲಿ ಹಾಡು ಕಟ್ಟಿದರು. ಯಾವ ಸೂರ್ಯನನ್ನು ಕಣ್ಣು ನೋಡಲಾರದೋ ಅದಕ್ಕೇ ಮೊದಲ ಕೃತಜ್ಞತೆ. ರಾತ್ರಿ ಕಣ್ಣು ಚುಚ್ಚುತ್ತಿದ್ದ ಬೆಂಕಿಗೂ ಅದರಲ್ಲಿ ಸಹೋದರನ ಸ್ಥಾನ.

ಆ ಸಹೋದರನ ಪರೀಕ್ಷೆ ಬೇಗನೆ ಬಂತು. ರಿಯೇತಿ ಊರಿನ ಬಳಿ ವೈದ್ಯನೊಬ್ಬ ಕಬ್ಬಿಣ ಕಾಯಿಸಿ ಕೆನ್ನೆಯಿಂದ ಹುಬ್ಬಿನವರೆಗೆ ಬರೆ ಹಾಕಿದ. ಅಂದಿನ ಚಿಕಿತ್ಸೆಯೇ ಹಾಗೆ. ಜೊತೆಗಿದ್ದ ಸಹೋದರರು ನೋಡಲಾರದೆ ಹೊರಗೆ ಓಡಿದರು. ಫ್ರಾನ್ಸಿಸರು ಮಾತ್ರ, ನನ್ನ ಮೇಲೆ ದಯೆಯಿರಲಿ ಎಂದು ಬೆಂಕಿಯನ್ನೇ ಕೇಳಿಕೊಂಡು ಅಲ್ಲಾಡದೆ ಕುಳಿತರು. ಕಣ್ಣು ಗುಣವಾಗಲಿಲ್ಲ.

ಹಾಡು ಮಾತ್ರ ಬೆಳೆಯಿತು. ಅಸ್ಸಿಸಿಯ ಧರ್ಮಾಧ್ಯಕ್ಷರಿಗೂ ನಗರಾಧಿಕಾರಿಗೂ ಜಗಳ ಹತ್ತಿದಾಗ, ಕ್ಷಮಿಸುವವರನ್ನು ಕುರಿತ ಸಾಲುಗಳನ್ನು ಸೇರಿಸಿ, ಇಬ್ಬರ ಮುಂದೆಯೂ ಹಾಡಿ ಬನ್ನಿರೆಂದು ತಮ್ಮವರನ್ನು ಕಳುಹಿಸಿದರು. ಇಬ್ಬರೂ ರಾಜಿಯಾದರು. 1226ರಲ್ಲಿ ಇನ್ನು ಹೆಚ್ಚು ದಿನ ಉಳಿದಿಲ್ಲವೆಂದು ವೈದ್ಯರು ತಿಳಿಸಿದಾಗ ಮರಣವನ್ನೂ ಸಹೋದರಿಯೆಂದು ಕರೆದು ಕೊನೆಯ ಸಾಲುಗಳನ್ನು ಕಟ್ಟಿದರು. ಹಗಲು ರಾತ್ರಿಯೆನ್ನದೆ ಅದನ್ನು ಹಾಡಿಸತೊಡಗಿದರು. ಸಭೆಯ ಮುಖ್ಯಸ್ಥ ಸಹೋದರ ಎಲಿಯಾಸರಿಗೆ ಮುಜುಗರ. ಸಾಯುವ ಮನುಷ್ಯ ಹೀಗೆ ಹಾಡಿಸುತ್ತಿದ್ದರೆ ಊರವರು ಏನೆಂದುಕೊಂಡಾರು? ಪಾಪ, ಅವರ ಚಿಂತೆಯೂ ನಮಗೆ ಅರ್ಥವಾಗುವಂಥದ್ದೇ. ಸಾವಿನ ಮನೆಯಲ್ಲಿ ನಾವು ಕೂಡ ದನಿ ತಗ್ಗಿಸುತ್ತೇವೆ. ಫ್ರಾನ್ಸಿಸರು ಹಾಡು ನಿಲ್ಲಿಸಲಿಲ್ಲ.

ಕಡೆಯ ದಿನಗಳಲ್ಲಿ ಅವರಿಗೊಂದು ಪುಟ್ಟ ಆಸೆ. ರೋಮಿನ ಜಾಕೊಪಾ ಎಂಬ ವಿಧವೆ ಹಿಂದೆ ಮಾಡಿಕೊಟ್ಟಿದ್ದ ಬಾದಾಮಿಯ ಸಿಹಿ ತಿನ್ನಬೇಕು! ಆಕೆಗೆ ಪತ್ರ ಬರೆಸುತ್ತಿರುವಾಗಲೇ ಆ ತಾಯಿ ಸಿಹಿಯೊಡನೆ ಬಾಗಿಲಲ್ಲಿ ನಿಂತಿದ್ದರಂತೆ. ಮಠದೊಳಗೆ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಆ ನಿಯಮ ಈಕೆಗಲ್ಲವೆಂದು ಒಳಗೆ ಕರೆಸಿದರು. ಒಂದು ಚೂರನ್ನಷ್ಟೇ ತಿನ್ನಲು ಸಾಧ್ಯವಾಯಿತು. ಅಕ್ಟೋಬರ್ 3ರ ಸಂಜೆ ಪೊರ್ಸಿಯುಂಕುಲಾದಲ್ಲಿ ಅವರು ಪ್ರಾಣಬಿಟ್ಟಾಗ, ಸೂರ್ಯ ಮುಳುಗಿದ ಹೊತ್ತಿನಲ್ಲಿ, ಬಾನಾಡಿ ಹಕ್ಕಿಗಳು ಆ ಮನೆಯ ಮಾಡಿನ ಮೇಲೆ ಹಾಡುತ್ತಾ ಸುತ್ತುತ್ತಿದ್ದವೆಂದು ಸಂಗಡಿಗರು ನೆನೆಯುತ್ತಿದ್ದರು.